ಕಾಕತಾಳೀಯವೋ? ಕಾರಣವೋ?: ಪ್ರೌಢಶಾಲೆಯಲ್ಲಿ ಪ್ರಾಕ್ಕಲ್ಪನೆಯ ಪರೀಕ್ಷೆ

ಕಾಗೆಯೊಂದು ಹಾರಿಬಂದು ತಾಳೆಯ ಮರದ ಮೇಲೆ ಕುಳಿತಿತು. ಅದೇ ಕ್ಷಣದಲ್ಲಿ ತಾಳೆಯ ಹಣ್ಣೊಂದು ಕಳಚಿ ನೆಲಕ್ಕೆ ಬಿದ್ದಿತು. ಕಾಗೆ ಕುಳಿತುದರಿಂದಲೇ ಹಣ್ಣು ಬಿದ್ದಿತೆಂದು ಒಬ್ಬನು ಸಾಧಿಸಬಹುದು; ಬೀಳುವ ಕಾಲ ಬಂದಿದ್ದ ಹಣ್ಣು ಬಿದ್ದಿತು, ಕಾಗೆ ಬಂದುದು ಕೇವಲ ಯೋಗಾಯೋಗವೆಂದು ಮತ್ತೊಬ್ಬನು ವಾದಿಸಬಹುದು. ಸಂಸ್ಕೃತದ ಲೌಕಿಕ ನ್ಯಾಯಗಳಲ್ಲಿ ಇದು ಕಾಕತಾಳೀಯ ನ್ಯಾಯವೆಂದು ಪ್ರಸಿದ್ಧವಾಗಿದೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತೆಂಬ ಕನ್ನಡದ ಗಾದೆಯ ತಾತ್ಪರ್ಯವೂ ಇದೇ. ಓದುಬರಹ ಅರಿಯದ ಅಜ್ಜಿಯೂ ಬಳಸುವ ಈ ಗಾದೆಯಲ್ಲಿ ಒಂದು ಶಾಸ್ತ್ರದ ಮೂಲಪ್ರಶ್ನೆ ಅಡಗಿದೆ: ಎರಡು ಘಟನೆಗಳು ಒಟ್ಟಿಗೆ ನಡೆದಾಗ, ಅದು ಬರಿಯ ಕಾಕತಾಳೀಯವಲ್ಲವೆಂದು ಹೇಳಬೇಕಾದರೆ ಎಷ್ಟು ಸಾಕ್ಷ್ಯ ಬೇಕು?

ಈ ಪ್ರಶ್ನೆಗೆ ಅಳತೆಗೋಲನ್ನು ಒದಗಿಸಿದುದು ಇಪ್ಪತ್ತನೆಯ ಶತಮಾನದ ಸಂಖ್ಯಾಶಾಸ್ತ್ರ. ಅದರ ಆ ವಿಭಾಗಕ್ಕೆ ಪ್ರಾಕ್ಕಲ್ಪನೆಯ ಪರೀಕ್ಷೆ ಎಂದು ಹೆಸರು. ಪ್ರೌಢಶಾಲೆಯ ಗಣಿತಪಠ್ಯದಲ್ಲಿ ಸರಾಸರಿ, ಮಧ್ಯಾಂಕ, ಬಹುಲಕಗಳಿವೆ; ನಾಣ್ಯ ಚಿಮ್ಮುವ, ದಾಳ ಉರುಳಿಸುವ ಸಂಭವನೀಯತೆಯ ಲೆಕ್ಕಗಳೂ ಇವೆ. ಆದರೆ ಈ ಎರಡು ಅಧ್ಯಾಯಗಳು ಒಂದೇ ಮನೆಯಲ್ಲಿದ್ದೂ ಮಾತನಾಡದ ಅಣ್ಣತಮ್ಮಂದಿರಂತೆ ಬೇರೆಬೇರೆಯಾಗಿಯೇ ಉಳಿದಿವೆ. ಅಂಕಿಅಂಶಗಳನ್ನು ಸಂಭವನೀಯತೆಯ ಬೆಳಕಿನಲ್ಲಿ ನೋಡಿ ನಿರ್ಣಯಕ್ಕೆ ಬರುವ ವಿದ್ಯೆ ಮಾತ್ರ ವಿದ್ಯಾರ್ಥಿಯ ಪಾಲಿಗೆ ದೊರೆಯುವುದಿಲ್ಲ. ಆ ವಿದ್ಯೆಯ ಮೂಲತತ್ತ್ವಗಳನ್ನು ಪ್ರೌಢಶಾಲೆಯ ಮಕ್ಕಳಿಗೆ ಕನ್ನಡದಲ್ಲಿಯೇ, ಸೂತ್ರಗಳ ಭಾರವಿಲ್ಲದೆ ಕಲಿಸಬಹುದು, ಕಲಿಸಬೇಕು. ಕಲಿಸುವ ಸಂಸ್ಥೆಯು ಮೊದಲು ತನ್ನ ಮಾತುಗಳನ್ನೇ ಆ ಒರೆಗಲ್ಲಿಗೆ ಹಚ್ಚಬೇಕು ಎಂಬುದೇ ಇಲ್ಲಿ ಪ್ರತಿಪಾದ್ಯವಾದ ವಿಷಯ.

ಈ ವಿದ್ಯೆಯ ಅತ್ಯಂತ ಸರಳವಾದ ದೃಷ್ಟಾಂತವು ಒಂದು ಬಟ್ಟಲು ಚಹದಿಂದ ಹುಟ್ಟಿತು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1919ರಿಂದ ಕೆಲಸ ಮಾಡುತ್ತಿದ್ದ ರೊನಾಲ್ಡ್ ಫಿಷರ್ ಎಂಬ ವಿದ್ವಾಂಸನು ತನ್ನ ಸಹೋದ್ಯೋಗಿಯಾದ ಮ್ಯೂರಿಯಲ್ ಬ್ರಿಸ್ಟಲ್ ಎಂಬ ಪಾಚಿತಜ್ಞೆಗೆ ಚಹ ನೀಡಿದಾಗ, ಬಟ್ಟಲಿಗೆ ಮೊದಲು ಹಾಲು ಹಾಕಿದ್ದಾರೆಯೋ ಚಹ ಹಾಕಿದ್ದಾರೆಯೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆನೆಂದು ಆಕೆ ನುಡಿದಳೆಂಬುದು ಪ್ರಸಿದ್ಧವಾದ ಕಥೆ. ಫಿಷರ್ 1935ರಲ್ಲಿ ಪ್ರಕಟಿಸಿದ ‘ದಿ ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್’ ಎಂಬ ಗ್ರಂಥದಲ್ಲಿ, ಆಕೆಯ ಹೆಸರನ್ನು ಹೇಳದೆ, ಇದೇ ಪ್ರಸಂಗವನ್ನು ಶಾಸ್ತ್ರಚರ್ಚೆಗೆ ಆಧಾರವಾಗಿ ಇಟ್ಟುಕೊಂಡನು. ಆಕೆಯ ಮಾತು ನಿಜವೆಂದು ಒಪ್ಪುವುದೂ ಇಲ್ಲ, ಸುಳ್ಳೆಂದು ನಗುವುದೂ ಇಲ್ಲ, ಪರೀಕ್ಷಿಸುವುದು ಹೇಗೆ? ಇದೇ ಆತನ ಪ್ರಶ್ನೆ.

ಎಂಟು ಬಟ್ಟಲುಗಳನ್ನು ಸಿದ್ಧಪಡಿಸಬೇಕು. ನಾಲ್ಕರಲ್ಲಿ ಹಾಲು ಮೊದಲು, ನಾಲ್ಕರಲ್ಲಿ ಚಹ ಮೊದಲು. ಅವನ್ನು ನೀಡುವ ಅನುಕ್ರಮವನ್ನು ಪರೀಕ್ಷಕನ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿ ನಿಶ್ಚಯಿಸಬೇಕು. ಹಾಲು ಮೊದಲಾದ ನಾಲ್ಕನ್ನು ಆಕೆ ಆರಿಸಬೇಕು. ಎಂಟರಲ್ಲಿ ನಾಲ್ಕನ್ನು ಆರಿಸುವ ವಿಧಗಳು ಒಟ್ಟು 70. ಆಕೆಗೆ ಯಾವ ವಿಶೇಷ ಶಕ್ತಿಯೂ ಇಲ್ಲದೆ ಕುರುಡಾಗಿ ಆರಿಸಿದರೆ ಈ 70 ವಿಧಗಳೂ ಸಮಸಂಭಾವ್ಯ. ಅವುಗಳಲ್ಲಿ ನಾಲ್ಕೂ ಸರಿಯಾಗುವ ವಿಧ ಒಂದೇ ಒಂದು. ಮೂರು ಸರಿ, ಒಂದು ತಪ್ಪಾಗುವ ವಿಧಗಳು 16. ಎರಡು ಸರಿ, ಎರಡು ತಪ್ಪಾಗುವವು 36. ಒಂದು ಮಾತ್ರ ಸರಿಯಾಗುವವು 16. ಒಂದೂ ಸರಿಯಾಗದ ವಿಧ ಒಂದು. ಆದುದರಿಂದ ಆಕೆ ನಾಲ್ಕನ್ನೂ ಸರಿಯಾಗಿ ಗುರುತಿಸಿದರೆ, ಅಂಥ ಫಲ ಬರಿಯ ಅದೃಷ್ಟದಿಂದ ಬರುವ ಸಂಭವನೀಯತೆ 70ಕ್ಕೆ 1, ಅಂದರೆ ನೂರಕ್ಕೆ ಒಂದೂವರೆಗಿಂತ ಕಡಿಮೆ. ಮೂರನ್ನು ಮಾತ್ರ ಗುರುತಿಸಿದರೆ? ಮೂರು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ವಿಧಗಳು 17. ಅಂದರೆ ಅದೃಷ್ಟದಿಂದಲೇ ನೂರಕ್ಕೆ ಸುಮಾರು 24 ಸಲ ಹಾಗಾಗಬಹುದು. ನಾಲ್ಕಕ್ಕೆ ಮೂರು ಎಂಬುದು ಕೇಳಲು ದೊಡ್ಡದಾಗಿ ಕಂಡರೂ ಸಾಕ್ಷ್ಯವಾಗಿ ದುರ್ಬಲ. ಕಣ್ಣಿಗೆ ಕಾಣುವ ದೊಡ್ಡಸ್ತಿಕೆ ಬೇರೆ, ಸಾಕ್ಷ್ಯದ ತೂಕ ಬೇರೆ ಎಂಬ ಮೊದಲ ಪಾಠವನ್ನು ಈ ಎಂಟು ಬಟ್ಟಲುಗಳೇ ಕಲಿಸುತ್ತವೆ.

ಇಲ್ಲಿ ನಡೆದ ವಿಚಾರದ ಕ್ರಮವನ್ನು ಬಿಡಿಸಿ ನೋಡಿದರೆ ನಾಲ್ಕು ಮೆಟ್ಟಿಲುಗಳು ಕಾಣುತ್ತವೆ. ಒಂದು, ‘ವಿಶೇಷವೇನೂ ಇಲ್ಲ, ಎಲ್ಲವೂ ಕಾಕತಾಳೀಯ’ ಎಂಬ ಪಕ್ಷವನ್ನು ಮೊದಲು ಸ್ಪಷ್ಟವಾಗಿ ಮಂಡಿಸುವುದು. ಇದೇ ಶೂನ್ಯ ಪ್ರಾಕ್ಕಲ್ಪನೆ. ಎರಡು, ಎಷ್ಟು ಅಪರೂಪದ ಫಲ ಬಂದರೆ ಆ ಪಕ್ಷವನ್ನು ಬಿಡಬೇಕೆಂಬ ಗೆರೆಯನ್ನು ಪರೀಕ್ಷೆಗೆ ಮುಂಚೆಯೇ ಎಳೆಯುವುದು. ಮೂರು, ಪಕ್ಷಪಾತಕ್ಕೆ ಎಡೆಯಿಲ್ಲದಂತೆ ಪರೀಕ್ಷೆ ನಡೆಸಿ, ಶೂನ್ಯಪಕ್ಷ ನಿಜವಾಗಿದ್ದರೆ ಇಂಥ ಫಲ ಅಥವಾ ಇದಕ್ಕೂ ಮಿಗಿಲಾದ ಫಲ ಬರುವ ಸಂಭವನೀಯತೆ ಎಷ್ಟೆಂದು ಎಣಿಸುವುದು. ನಾಲ್ಕು, ಅದು ಗೆರೆಗಿಂತ ಕಡಿಮೆಯಾದರೆ ಶೂನ್ಯಪಕ್ಷವನ್ನು ತ್ಯಜಿಸುವುದು. ಇಲ್ಲವಾದರೆ ತ್ಯಜಿಸಲು ಸಾಕ್ಷ್ಯ ಸಾಲದೆಂದು ಒಪ್ಪಿಕೊಳ್ಳುವುದು. ನೂರಕ್ಕೆ 5, ಅಂದರೆ ಇಪ್ಪತ್ತಕ್ಕೆ ಒಂದು ಎಂಬ ಗೆರೆ ಫಿಷರನ ಕಾಲದಿಂದ ರೂಢಿಯಲ್ಲಿದೆ. ಅದು ಅನುಕೂಲಕ್ಕಾಗಿ ಎಳೆದ ಗೆರೆಯೇ ಹೊರತು ಶ್ರುತಿವಾಕ್ಯವಲ್ಲ. ಆದರೆ ಫಲವನ್ನು ನೋಡಿದ ಮೇಲೆ ಗೆರೆಯನ್ನು ಸರಿಸುವುದು ಬಾಣ ನೆಟ್ಟ ಕಡೆಯಲ್ಲಿ ಗುರಿಯನ್ನು ಬರೆದಂತೆ. ಅದಕ್ಕೆ ಪರೀಕ್ಷೆಯೆಂಬ ಹೆಸರು ಸಲ್ಲದು.

ಪರಿಭಾಷೆಯ ವಿಷಯದಲ್ಲಿ ಎರಡು ಮಾತು ಅಗತ್ಯ. ಶೂನ್ಯವೆಂಬ ಶಬ್ದವು ‘ಶೂನ್ಯಸಂಪಾದನೆ’ಯನ್ನು ಬಲ್ಲವರ ಕಿವಿಯಲ್ಲಿ ಗಹನವಾದ ತತ್ತ್ವವನ್ನು ಧ್ವನಿಸುತ್ತದೆ. ಇಲ್ಲಿ ಅದಕ್ಕೆ ಅಂಥ ಅರ್ಥವಿಲ್ಲ. ವ್ಯತ್ಯಾಸವಿಲ್ಲ, ಪರಿಣಾಮವಿಲ್ಲ ಎಂಬಷ್ಟೇ ಅರ್ಥ. ಇನ್ನು, ಗೆರೆಯನ್ನು ದಾಟಿದ ಫಲಕ್ಕೆ ಆಂಗ್ಲರು ಬಳಸುವ ‘ಸಿಗ್ನಿಫಿಕೆಂಟ್’ ಎಂಬ ಪದವನ್ನು ಕನ್ನಡದಲ್ಲಿ ‘ಮಹತ್ತ್ವದ’ ಎಂದು ಅನುವಾದಿಸುವುದುಂಟು. ಇದರಿಂದ ಅನರ್ಥವಾಗುತ್ತದೆ. ಆ ಫಲ ಏನನ್ನೋ ಸೂಚಿಸುತ್ತದೆಯೇ ಹೊರತು ಅದು ಮಹತ್ತಾದುದೆಂದು ಅರ್ಥವಲ್ಲ. ಹಾಲು ಮೊದಲೋ ಚಹ ಮೊದಲೋ ಎಂದು ತಿಳಿಯುವ ಶಕ್ತಿ ನಿಜವಾಗಿದ್ದರೂ ಲೋಕಕ್ಕೆ ಅದರಿಂದ ಆಗಬೇಕಾದ ಮಹತ್ಕಾರ್ಯವೇನೂ ಇಲ್ಲ. ‘ಸೂಚಕ’ ಎಂಬ ಸಣ್ಣ ಶಬ್ದ ಇಲ್ಲಿ ಹೆಚ್ಚು ಪ್ರಾಮಾಣಿಕ.

ಅರ್ಥದಲ್ಲಿ ಮತ್ತೊಂದು ಭ್ರಮೆಯನ್ನೂ ಮೊದಲೇ ನಿವಾರಿಸಬೇಕು. 70ಕ್ಕೆ 1 ಎಂಬುದು ‘ಆಕೆಗೆ ಶಕ್ತಿಯಿಲ್ಲ’ ಎಂಬ ಮಾತು ನಿಜವಾಗಿರುವ ಸಂಭವನೀಯತೆಯಲ್ಲ. ಶಕ್ತಿಯಿಲ್ಲವೆಂದು ಭಾವಿಸಿಕೊಂಡರೆ ಈ ಫಲ ಎಷ್ಟು ವಿರಳ ಎಂಬುದರ ಅಳತೆ ಅದು. ಮಳೆ ಬಂದರೆ ಅಂಗಳ ನೆನೆಯುವುದು ಖಂಡಿತ. ಆದರೆ ಅಂಗಳ ನೆನೆದಿದ್ದರೆ ಮಳೆ ಬಂದುದು ಖಂಡಿತವಲ್ಲ, ಮನೆಯಾಕೆ ನೀರು ಚಿಮುಕಿಸಿರಬಹುದು. ಈ ಎರಡು ಮಾತುಗಳ ದಿಕ್ಕು ಬೇರೆ. ಪದವೀಧರರೂ ಇಲ್ಲಿ ಎಡವುತ್ತಾರೆ. ಅಮೆರಿಕದ ಸಂಖ್ಯಾಶಾಸ್ತ್ರ ಸಂಘವು 2016ರಲ್ಲಿ ಈ ತಪ್ಪು ತಿಳಿವಳಿಕೆಯ ವಿರುದ್ಧವಾಗಿಯೂ ಒಂದು ಹೇಳಿಕೆಯನ್ನು ಹೊರಡಿಸಬೇಕಾಯಿತು. ಎಳೆಯ ವಯಸ್ಸಿನಲ್ಲಿ ಸರಿಯಾಗಿ ಕಲಿತ ಮಗು ದೊಡ್ಡವನಾದ ಮೇಲೆ ಹಾಗೆ ಎಡವಬೇಕಾಗಿಲ್ಲ.

ನ್ಯಾಯಶಾಸ್ತ್ರವನ್ನು ಓದಿದವರಿಗೆ ಈ ವಿಚಾರಕ್ರಮ ಅಪರಿಚಿತವಲ್ಲ. ಗೌತಮನು ಎಣಿಸಿದ ಹದಿನಾರು ಪದಾರ್ಥಗಳಲ್ಲಿ ಸಂಶಯ, ತರ್ಕ, ನಿರ್ಣಯಗಳು ಸೇರಿವೆ. ಪ್ರತಿಪಕ್ಷವನ್ನು ತಾತ್ಕಾಲಿಕವಾಗಿ ಒಪ್ಪಿಕೊಂಡು, ಅದರಿಂದ ಒದಗುವ ಅನಿಷ್ಟಪ್ರಸಂಗವನ್ನು ತೋರಿಸುವುದೇ ಅಲ್ಲಿಯ ತರ್ಕ: ಬೆಂಕಿ ಇಲ್ಲದಿದ್ದರೆ ಹೊಗೆಯೂ ಇರುತ್ತಿರಲಿಲ್ಲ. ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮಂಡಿಸದೆ ಸಿದ್ಧಾಂತವನ್ನು ನುಡಿಯಬಾರದೆಂಬುದು ಶಾಸ್ತ್ರಗ್ರಂಥಗಳ ಮರ್ಯಾದೆ. ಶೂನ್ಯ ಪ್ರಾಕ್ಕಲ್ಪನೆಯು ಆ ಪೂರ್ವಪಕ್ಷದ ಬಂಧುವೇ ಸರಿ. ಹಾಗೆಂದು ಎಲ್ಲವೂ ಪ್ರಾಚೀನರಲ್ಲಿ ಇದ್ದಿತೆಂದು ಹೆಮ್ಮೆಪಟ್ಟು ಸುಮ್ಮನಾಗುವುದು ಪಾಂಡಿತ್ಯದ ಲಕ್ಷಣವಲ್ಲ. ನೈಯಾಯಿಕರ ವ್ಯಾಪ್ತಿ ವ್ಯಭಿಚಾರವಿಲ್ಲದ ಸಂಬಂಧ. ಹೊಗೆಯಿದ್ದಲ್ಲಿ ಬೆಂಕಿ ಇದ್ದೇ ಇರಬೇಕು. ಸಂಖ್ಯಾಶಾಸ್ತ್ರದ ಲೋಕದಲ್ಲಾದರೋ ಔಷಧ ಕೊಟ್ಟವರಲ್ಲಿ ಕೆಲವರು ಗುಣವಾಗುವುದಿಲ್ಲ, ಕೊಡದವರಲ್ಲಿ ಕೆಲವರು ಗುಣವಾಗುತ್ತಾರೆ. ಅಂಥ ಎಡೆಯಲ್ಲಿ ಎಷ್ಟರಮಟ್ಟಿಗೆ ನಂಬಬೇಕೆಂಬುದನ್ನು ಸಂಖ್ಯೆಯಿಂದ ಅಳೆದುದು ಹೊಸ ವಿದ್ಯೆಯ ಸಾಧನೆ. ಹಳೆಯದರ ಶಿಸ್ತು, ಹೊಸದರ ಅಳತೆ ಎರಡನ್ನೂ ಗೌರವಿಸುವುದು ಉಚಿತ.

ಅಳೆದು ನಿರ್ಣಯಿಸಿದರೂ ತಪ್ಪು ಸಂಭವಿಸುತ್ತದೆ. ಅದು ಎರಡು ವಿಧ. ನಿಜವಾಗಿಯೂ ಏನೂ ಇಲ್ಲದ ಕಡೆ ಏನೋ ಇದೆಯೆನ್ನುವುದು ಒಂದು. ಇರುವುದನ್ನು ಕಾಣದೆ ಹೋಗುವುದು ಮತ್ತೊಂದು. ನಿರಪರಾಧಿಯನ್ನು ದಂಡಿಸುವುದು ಮತ್ತು ಅಪರಾಧಿಯನ್ನು ಬಿಟ್ಟುಬಿಡುವುದು ಎಂಬ ನ್ಯಾಯಾಲಯದ ಎರಡು ತಪ್ಪುಗಳಿಗೆ ಇವು ಸಮಾನ. ಜೆರ್ಜಿ ನೇಮನ್ ಮತ್ತು ಈಗನ್ ಪಿಯರ್ಸನ್ ಎಂಬ ವಿದ್ವಾಂಸರು 1928ರಿಂದ 1933ರವರೆಗಿನ ತಮ್ಮ ಪ್ರಬಂಧಗಳಲ್ಲಿ ಇವೆರಡನ್ನೂ ಒಟ್ಟಿಗೆ ತೂಗಿ ನೋಡುವ ಕ್ರಮವನ್ನು ರೂಪಿಸಿದರು. ಸಾಕ್ಷ್ಯದ ಪ್ರಮಾಣ ಅಷ್ಟೇ ಇದ್ದಾಗ ಒಂದು ತಪ್ಪನ್ನು ಕಡಿಮೆ ಮಾಡಹೊರಟರೆ ಇನ್ನೊಂದು ಹೆಚ್ಚುತ್ತದೆ. ಎರಡನ್ನೂ ತಗ್ಗಿಸಬೇಕಾದರೆ ಹೆಚ್ಚು ಸಾಕ್ಷ್ಯವನ್ನು ಕೂಡಿಹಾಕಬೇಕು.

ಹೆಚ್ಚು ಸಾಕ್ಷ್ಯ ಏಕೆ ಬೇಕೆಂಬುದಕ್ಕೆ 1954ರಲ್ಲಿ ಅಮೆರಿಕದಲ್ಲಿ ನಡೆದ ಪೋಲಿಯೊ ಲಸಿಕೆಯ ಪರೀಕ್ಷೆ ಸಾಕ್ಷಿ. ಆ ರೋಗ ಒಂದು ವರ್ಷ ಹೆಚ್ಚುತ್ತಿತ್ತು, ಮತ್ತೊಂದು ವರ್ಷ ತಾನಾಗಿಯೇ ಇಳಿಯುತ್ತಿತ್ತು. ಎಲ್ಲರಿಗೂ ಲಸಿಕೆ ಹಾಕಿ, ಮರುವರ್ಷ ರೋಗ ಇಳಿದರೆ ಅದು ಲಸಿಕೆಯ ಫಲವೋ ಕಾಕತಾಳೀಯವೋ ತಿಳಿಯುತ್ತಿರಲಿಲ್ಲ. ಆದುದರಿಂದ ಸುಮಾರು ಎರಡು ಲಕ್ಷ ಮಕ್ಕಳಿಗೆ ಜೋನಾಸ್ ಸಾಕ್ ಸಿದ್ಧಪಡಿಸಿದ ಲಸಿಕೆಯನ್ನೂ, ಸುಮಾರು ಅಷ್ಟೇ ಮಕ್ಕಳಿಗೆ ಔಷಧಗುಣವಿಲ್ಲದ ದ್ರವವನ್ನೂ ನೀಡಲಾಯಿತು. ಯಾರಿಗೆ ಯಾವುದು ಎಂಬುದನ್ನು ಯಾದೃಚ್ಛಿಕವಾಗಿ ನಿಶ್ಚಯಿಸಲಾಯಿತು. ಮಕ್ಕಳಿಗಾಗಲಿ ವೈದ್ಯರಿಗಾಗಲಿ ಅದು ತಿಳಿದಿರಲಿಲ್ಲ. ಲಸಿಕೆ ಪಡೆದವರಲ್ಲಿ 57 ಮಂದಿಗೂ, ಪಡೆಯದವರಲ್ಲಿ 142 ಮಂದಿಗೂ ರೋಗ ತಗುಲಿತು. ಲಸಿಕೆಯಿಂದ ಪ್ರಯೋಜನವಿಲ್ಲದಿದ್ದರೆ ಈ 199 ಪ್ರಕರಣಗಳು ಎರಡು ಗುಂಪುಗಳಿಗೆ ಹೆಚ್ಚುಕಡಿಮೆ ನೂರು ನೂರಾಗಿ ಹಂಚಿಹೋಗಬೇಕಿತ್ತು. ಇಷ್ಟು ದೊಡ್ಡ ಅಂತರ ಬರಿಯ ಅದೃಷ್ಟದಿಂದ ಕೋಟಿಗೆ ಒಂದು ಸಲವೂ ಬರಲಾರದು. 1955ರ ಏಪ್ರಿಲ್ 12ರಂದು ಫಲ ಪ್ರಕಟವಾಯಿತು. ಲೆಕ್ಕವೆಂಬುದು ಶುಷ್ಕವೆನ್ನುವವರು ನೆನೆಯಬೇಕಾದ ಮಾತಿದು: ಆ ನಾಲ್ಕು ಲಕ್ಷ ಮಕ್ಕಳನ್ನು ಹಾಗೆ ವಿಂಗಡಿಸಿ ನೋಡಿದ ಶಿಸ್ತೇ ಮುಂದಿನ ಮಕ್ಕಳ ಕಾಲುಗಳನ್ನು ಕಾಪಾಡಲು ಆಧಾರವಾಯಿತು.

ಭಾರತದಲ್ಲಿಯೂ ಇಂಥ ಧೈರ್ಯದ ಪರೀಕ್ಷೆ ನಡೆದಿದೆ. ಖಗೋಳವಿಜ್ಞಾನಿ ಜಯಂತ ನಾರ್ಳೀಕರರು ಸಂಗಡಿಗರೊಡನೆ 2008ರಲ್ಲಿ ಮಹಾರಾಷ್ಟ್ರದಲ್ಲಿ ಜಾತಕಫಲವನ್ನು ಪರೀಕ್ಷಿಸಿದರು. ಪ್ರತಿಭಾವಂತರಾದ 100 ಮಕ್ಕಳ ಮತ್ತು ಬುದ್ಧಿಮಾಂದ್ಯತೆಯುಳ್ಳ 100 ಮಕ್ಕಳ ಜನ್ಮವಿವರಗಳಿಂದ ಜಾತಕಗಳನ್ನು ರಚಿಸಲಾಯಿತು. 27 ಜ್ಯೋತಿಷಿಗಳಿಗೆ ತಲಾ 40 ಜಾತಕಗಳನ್ನು ಕೊಟ್ಟು, ಯಾವುದು ಯಾವ ಗುಂಪಿಗೆ ಸೇರಿದುದೆಂದು ಹೇಳುವಂತೆ ಕೇಳಲಾಯಿತು. ನಾಣ್ಯ ಚಿಮ್ಮಿ ಹೇಳಿದರೂ ಅರ್ಧದಷ್ಟು ಸರಿಯಾಗಬೇಕು. ಬಂದ ಫಲ ನೂರಕ್ಕೆ ಸರಾಸರಿ 46. ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 2009ರಲ್ಲಿ ಇದು ಪ್ರಕಟವಾಯಿತು. ಇದರಿಂದ ಜ್ಯೋತಿಷದ ಸಮಸ್ತ ಮಾತುಗಳೂ ಖಂಡಿತವಾದುವೆಂದು ಹೇಳುವುದು ಶಾಸ್ತ್ರಕ್ಕೆ ಮೀರಿದ ಮಾತು. ಪರೀಕ್ಷೆಗೆ ಒಳಪಟ್ಟ ಈ ಒಂದು ಪ್ರತಿಜ್ಞೆ ತೇರ್ಗಡೆಯಾಗಲಿಲ್ಲ ಎನ್ನುವುದು ಶಾಸ್ತ್ರಸಮ್ಮತ. ಆದರೆ ಸಾವಿರಕ್ಕೂ ಮೀರಿದ ನಿರ್ಣಯಗಳಲ್ಲಿ ಒಂದು ಶಕ್ತಿ ಗೋಚರಿಸದಿದ್ದರೆ, ಅದನ್ನು ನಂಬಿ ಮಗುವಿನ ವಿದ್ಯೆಯನ್ನೋ ಮದುವೆಯನ್ನೋ ನಿಶ್ಚಯಿಸುವವರು ಒಮ್ಮೆ ನಿಂತು ಯೋಚಿಸಬೇಕಲ್ಲವೆ? ಶುಭಮುಹೂರ್ತ, ಶಕುನಗಳ ಭೀತಿಯನ್ನು ಹನ್ನೆರಡನೆಯ ಶತಮಾನದಲ್ಲಿಯೇ ತೊರೆಯಹೇಳಿದ ಶರಣರ ನಾಡಿನಲ್ಲಿ ಈ ಪಾಠಕ್ಕೆ ವಿಶೇಷವಾದ ಸ್ಥಾನವಿದೆ.

ತರಗತಿಯಲ್ಲಿ ಇದನ್ನು ಕಲಿಸಲು ದುಬಾರಿ ಉಪಕರಣ ಬೇಕಿಲ್ಲ. ನಲವತ್ತು ಮಕ್ಕಳು ತಲಾ ಹತ್ತು ಸಲ ನಾಣ್ಯ ಚಿಮ್ಮಲಿ. ಹತ್ತರಲ್ಲಿ ಎಂಟು ಅಥವಾ ಹೆಚ್ಚು ಸಲ ತಲೆ ಬೀಳುವ ಸಂಭವನೀಯತೆ 1024ಕ್ಕೆ 56. ಅಂದರೆ ನಲವತ್ತು ಮಂದಿಯಲ್ಲಿ ಸರಾಸರಿ ಇಬ್ಬರಿಗೆ ಹಾಗಾಗುತ್ತದೆ. ಆ ಇಬ್ಬರನ್ನು ಮಾತ್ರ ಮುಂದೆ ಕರೆದು ನಿಲ್ಲಿಸಿದರೆ ಅವರ ಕೈಯಲ್ಲಿ ಏನೋ ಮಹಿಮೆಯಿದೆಯೆಂದು ತೋರೀತು. ಉಳಿದ ಮೂವತ್ತೆಂಟು ಮಂದಿಯನ್ನು ಮರೆಮಾಡಿದ್ದೇ ಆ ಮಹಿಮೆಯ ಮೂಲ. ಪತ್ರಿಕೆಗಳ ಜಾಹೀರಾತಿನಲ್ಲಿ ಗುಣವಾದ ರೋಗಿಗಳ ಚಿತ್ರಗಳನ್ನು ಮಾತ್ರ ಅಚ್ಚುಹಾಕುವವರ ಗುಟ್ಟೂ ಇದೇ. ಶೂನ್ಯಪಕ್ಷವೇ ನಿಜವಾಗಿರುವ ಇಪ್ಪತ್ತು ಬೇರೆಬೇರೆ ಪರೀಕ್ಷೆಗಳನ್ನು ನೂರಕ್ಕೆ 5ರ ಗೆರೆಯಿಟ್ಟು ಮಾಡಿದರೆ, ಕಡೆಯ ಪಕ್ಷ ಒಂದಾದರೂ ಸುಳ್ಳುಸುಳ್ಳೇ ‘ಸೂಚಕ’ವಾಗಿ ಕಾಣುವ ಸಂಭವನೀಯತೆ ನೂರಕ್ಕೆ 64. ಎಷ್ಟು ಸಲ ಪ್ರಯತ್ನಿಸಲಾಯಿತು ಎಂಬುದನ್ನು ಹೇಳದೆ ಗೆದ್ದ ಒಂದನ್ನು ಮಾತ್ರ ಹೇಳುವುದು ಅರ್ಧಸತ್ಯ.

ಈ ಒರೆಗಲ್ಲು ಶಾಲೆಯ ಹೊಸ್ತಿಲಲ್ಲಿಯೇ ನಿಂತುಬಿಡಬಾರದು. ಒಂದು ಪ್ರೌಢಶಾಲೆಯಲ್ಲಿ ಹಿಂದಿನ ವರ್ಷ 80 ಮಕ್ಕಳಲ್ಲಿ 60 ಮಂದಿ ತೇರ್ಗಡೆಯಾಗಿದ್ದರೆಂದೂ, ಸಂಜೆಯ ವಿಶೇಷ ತರಗತಿಗಳನ್ನು ಆರಂಭಿಸಿದ ವರ್ಷ 80ರಲ್ಲಿ 66 ಮಂದಿ ತೇರ್ಗಡೆಯಾದರೆಂದೂ ಊಹಿಸಿಕೊಳ್ಳಬಹುದು. ನೂರಕ್ಕೆ 75ರಿಂದ 82.5ಕ್ಕೆ ಏರಿಕೆ! ವಾರ್ಷಿಕೋತ್ಸವದ ವರದಿಯಲ್ಲಿ ಅದು ಸಂಜೆಯ ತರಗತಿಗಳ ಫಲವೆಂದು ದಪ್ಪಕ್ಷರಗಳಲ್ಲಿ ಅಚ್ಚಾಗುವುದು ಸಹಜ. ಲೆಕ್ಕ ಹಾಕಿದರಾದರೋ, ತರಗತಿಗಳಿಂದ ಏನೂ ಆಗದಿದ್ದರೂ ಇಷ್ಟು ಏರಿಕೆ ಅದೃಷ್ಟದಿಂದಲೇ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಸಲ ಕಾಣಿಸಿಕೊಳ್ಳಬಹುದು. ಅದೇ ಪ್ರಮಾಣದ ಏರಿಕೆ 800 ಮಕ್ಕಳಲ್ಲಿ 600ರಿಂದ 660ಕ್ಕೆ ಆಗಿದ್ದರೆ, ಅದೃಷ್ಟದಿಂದ ಸಾವಿರಕ್ಕೆ ಒಂದು ಸಲವೂ ಹಾಗಾಗುತ್ತಿರಲಿಲ್ಲ. ಶೇಕಡಾ ಒಂದೇ, ಸಾಕ್ಷ್ಯದ ತೂಕ ಬೇರೆ. ಇನ್ನು ಅದೃಷ್ಟವಲ್ಲವೆಂದು ಸಿದ್ಧವಾದ ಮೇಲೂ ತರಗತಿಗಳೇ ಕಾರಣವೆಂದು ಸಿದ್ಧವಾಗುವುದಿಲ್ಲ. ಆ ವರ್ಷದ ಪ್ರಶ್ನೆಪತ್ರಿಕೆ ಸುಲಭವಾಗಿದ್ದಿರಬಹುದು, ಬಂದ ಮಕ್ಕಳೇ ಹೆಚ್ಚು ಸಿದ್ಧರಾಗಿದ್ದಿರಬಹುದು.

ಇದನ್ನು ಹೇಳಿದ ಮಾತ್ರಕ್ಕೆ ಅಧ್ಯಾಪಕರ ಶ್ರಮ ವ್ಯರ್ಥವೆಂದಾಗಲಿ, ಸಂಜೆಯ ತರಗತಿಗಳನ್ನು ನಿಲ್ಲಿಸಬೇಕೆಂದಾಗಲಿ ಅರ್ಥವಲ್ಲ. ಸಾಕ್ಷ್ಯ ಸಾಲದೆಂಬುದು ಪರಿಣಾಮವಿಲ್ಲವೆಂಬುದಕ್ಕೆ ಸಾಕ್ಷ್ಯವಲ್ಲ. ಇನ್ನೂ ಎರಡು ಮೂರು ವರ್ಷಗಳ ಫಲವನ್ನು ಕೂಡಿಹಾಕಿ, ಅಕ್ಕಪಕ್ಕದ ಶಾಲೆಗಳ ಫಲದೊಡನೆ ಹೋಲಿಸಿ ನೋಡಬೇಕೆಂದಷ್ಟೇ ತಾತ್ಪರ್ಯ. ದಾನಿಗಳು ಬೆವರು ಸುರಿಸಿ ಗಳಿಸಿದ ಹಣವನ್ನು ವಿದ್ಯಾದಾಸೋಹಕ್ಕೆ ಒಪ್ಪಿಸುತ್ತಾರೆ. ಅದು ಎಲ್ಲಿ ಫಲಿಸಿತು, ಎಲ್ಲಿ ಫಲಿಸಲಿಲ್ಲವೆಂಬ ನಿಜವನ್ನು ಅವರ ಮುಂದಿಡುವುದು ಹೊಗಳಿಕೆಗಿಂತ ದೊಡ್ಡ ಕೃತಜ್ಞತೆ. ವರದಿಯಲ್ಲಿ ದಪ್ಪಕ್ಷರಗಳನ್ನು ಅಚ್ಚುಹಾಕಿ, ತರಗತಿಯಲ್ಲಿ ಸಂಶಯದ ಪಾಠ ಹೇಳಿದರೆ ಮಕ್ಕಳು ಯಾವುದನ್ನು ಕಲಿತಾರು?

ಇಲ್ಲಿ ಎರಡು ಆಕ್ಷೇಪಗಳು ಏಳುವುದು ಸಹಜ. ಮೊದಲನೆಯದು, ಈಗಾಗಲೇ ಭಾರವಾಗಿರುವ ಪಠ್ಯಕ್ಕೆ ಇನ್ನೊಂದು ಹೊರೆಯೇಕೆ ಎಂಬುದು. ಕೋಷ್ಟಕಗಳನ್ನೂ ಕಠಿನ ಸೂತ್ರಗಳನ್ನೂ ಪ್ರೌಢಶಾಲೆಗೆ ತರಬೇಕೆಂದು ಯಾರೂ ಹೇಳುವುದಿಲ್ಲ. ಬಾವಿಯ ನೀರನ್ನೂ ನಲ್ಲಿಯ ನೀರನ್ನೂ ರುಚಿಯಿಂದ ಗುರುತಿಸಬಲ್ಲೆನೆನ್ನುವ ಹುಡುಗಿಯ ಮುಂದೆ ಮೂರು ಲೋಟ ಆ ನೀರು, ಮೂರು ಲೋಟ ಈ ನೀರು ಇಟ್ಟರೆ ಸಾಕು. ಆರರಲ್ಲಿ ಮೂರನ್ನು ಆರಿಸುವ 20 ವಿಧಗಳನ್ನು ಮಕ್ಕಳೇ ಹಲಗೆಯ ಮೇಲೆ ಬರೆದು ಎಣಿಸಬಲ್ಲರು. ಎಲ್ಲವೂ ಸರಿಯಾದರೆ ಇಪ್ಪತ್ತಕ್ಕೆ ಒಂದು. ಒಂದು ಗಂಟೆಯ ಪಾಠ, ಆರು ಲೋಟಗಳ ಖರ್ಚು. ಎರಡನೆಯ ಆಕ್ಷೇಪ ಗಂಭೀರವಾದುದು: ಎಲ್ಲವನ್ನೂ ಸಂಶಯಿಸಲು ಕಲಿಸಿದರೆ ಶ್ರದ್ಧೆ ಉಳಿದೀತೆ? ಅನುಭವಮಂಟಪದಲ್ಲಿ ಅಲ್ಲಮಪ್ರಭುವಿನ ಪ್ರಶ್ನೆಗಳನ್ನು ಎದುರಿಸಿದವರ ಶ್ರದ್ಧೆ ಅಳಿಯಲಿಲ್ಲ, ಪುಟಗೊಂಡಿತು. ಶೂನ್ಯಸಂಪಾದನೆಯ ಸಂವಾದಗಳು ಅದನ್ನೇ ಚಿತ್ರಿಸುತ್ತವೆ. ಅಲ್ಲದೆ ಅಳೆಯಬಹುದಾದ ಪ್ರತಿಜ್ಞೆಗಳಿಗೆ ಮಾತ್ರ ಈ ಪರೀಕ್ಷೆ. ದಯೆ ದೊಡ್ಡದೋ ಧನ ದೊಡ್ಡದೋ ಎಂಬುದನ್ನು ಯಾವ ಸಂಖ್ಯೆಯೂ ನಿರ್ಣಯಿಸದು. ಕುರುಡುನಂಬಿಕೆ ಹೋದ ಎಡೆಯಲ್ಲಿ ಶ್ರದ್ಧೆ ಸ್ವಚ್ಛವಾಗಿ ನಿಲ್ಲುತ್ತದೆ.

ಈ ವಿದ್ಯೆ ಕನ್ನಡನಾಡಿಗೆ ಹೊರಗಿನದೆಂದು ಸಂಕೋಚಪಡಬೇಕಾಗಿಯೂ ಇಲ್ಲ. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದವರು ಪ್ರಶಾಂತಚಂದ್ರ ಮಹಾಲನೋಬಿಸ್. ಆ ಸಂಸ್ಥೆಯಲ್ಲಿ ಬೆಳೆದು ಜಗದ್ವಿಖ್ಯಾತರಾದ ಸಿ. ಆರ್. ರಾವ್ ಅವರು ಜನಿಸಿದುದು 1920ರ ಸೆಪ್ಟೆಂಬರ್ 10ರಂದು ಹೂವಿನ ಹಡಗಲಿಯಲ್ಲಿ, ಒಂದು ತೆಲುಗು ಮನೆತನದಲ್ಲಿ. ಪ್ರಾಕ್ಕಲ್ಪನೆಗಳನ್ನು ಪರೀಕ್ಷಿಸಲು ಅವರು 1948ರಲ್ಲಿ ರೂಪಿಸಿದ ಒಂದು ವಿಧಾನ ಇಂದಿಗೂ ಅವರ ಹೆಸರಿನಲ್ಲಿ ಬಳಕೆಯಲ್ಲಿದೆ. ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಅವರಿಗೆ ಸಂದ 2023ರಲ್ಲಿಯೇ, ತಮ್ಮ 102ನೆಯ ವಯಸ್ಸಿನಲ್ಲಿ, ಅವರು ನಿಧನರಾದರು. ಮಹಾಲನೋಬಿಸರ ಜನ್ಮದಿನವಾದ ಜೂನ್ 29 ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನವಾಗಿ ಆಚರಿಸಲ್ಪಡುತ್ತದೆ. ಶಾಲೆಗಳು ತೆರೆದು ಒಂದು ತಿಂಗಳಷ್ಟೇ ಆಗಿರುವ ಆ ದಿನ ಪ್ರತಿ ಪ್ರೌಢಶಾಲೆಯಲ್ಲಿ ಆರು ಲೋಟಗಳ ಈ ಪಾಠ ನಡೆದರೆ ಅದಕ್ಕಿಂತ ಉಚಿತವಾದ ಆಚರಣೆ ಬೇರಿಲ್ಲ. ಗಣಿತದ ಅಧ್ಯಾಪಕರು ಎಣಿಕೆಯನ್ನೂ, ಕನ್ನಡದ ಅಧ್ಯಾಪಕರು ಪೂರ್ವಪಕ್ಷವನ್ನು ಸ್ಪಷ್ಟವಾದ ವಾಕ್ಯದಲ್ಲಿ ಬರೆಯುವ ಕ್ರಮವನ್ನೂ ಹಂಚಿಕೊಂಡು ಕಲಿಸಬಹುದು.

ನುಡಿದುದನ್ನು ನಡೆಯಲ್ಲಿ ಒರೆಹಚ್ಚಿ ನೋಡುವುದು ಶರಣಪರಂಪರೆಯ ಜೀವಾಳ. ನುಡಿಯುವ ಮುನ್ನ ‘ಇದು ಕಾಕತಾಳೀಯವಾಗಿದ್ದರೆ?’ ಎಂದು ತನ್ನನ್ನೇ ಕೇಳಿಕೊಳ್ಳುವ, ತನಗೆ ಪ್ರಿಯವಾದ ಮಾತಿಗೂ ಅದೇ ಗೆರೆಯನ್ನು ಎಳೆಯುವ, ಸಾಕ್ಷ್ಯ ಸಾಲದಾಗ ‘ಇನ್ನೂ ತಿಳಿಯದು’ ಎಂದು ನಾಚದೆ ಹೇಳುವ ವಿದ್ಯಾರ್ಥಿ ಮಠದ ಶಾಲೆಯ ಬಾಗಿಲಿನಿಂದ ಹೊರಬಂದರೆ, ಗುರುಗಳ ಶ್ರಮವೂ ದಾನಿಗಳ ದಾಸೋಹವೂ ಸಾರ್ಥಕವಾದುವೆಂದೇ ತಿಳಿಯಬೇಕು.